ಬತ್ತಿ ಹೊಸೆದ ಕೈ

ಇಂದಿರಾಳ ಬಲಗೈ ಸುಮ್ಮನೆ ಕೂತಾಗಲೂ ಬತ್ತಿ ಹೊಸೆಯುತ್ತದೆ ಎಂದು ಮನೆಯಲ್ಲಿ ಮೊದಮೊದಲು ಹೆಮ್ಮೆಯಿಂದಲೇ ಹೇಳಿಕೊಂಡರು. ಟೀವಿಯ ಮುಂದೆ, ಬಸ್ಸಿನಲ್ಲಿ, ದೇವಸ್ಥಾನದ ಜಗಲಿಯಲ್ಲಿ, ಎಲ್ಲಿ ಕೂತರೂ ಹೆಬ್ಬೆರಳು ತೋರುಬೆರಳಿನ ಮೇಲೆ ತಾನಾಗಿ ಉಜ್ಜಿಕೊಳ್ಳುತ್ತಿತ್ತು. ನಡುವೆ ಹತ್ತಿಯ ಎಳೆ ಇರುತ್ತಿರಲಿಲ್ಲ, ಅಷ್ಟೆ.

“ನಿಮ್ಮಮ್ಮನ ಕೈಗೇ ಜಪ ಹತ್ತಿಬಿಟ್ಟಿದೆ ನೋಡು,” ಎಂದು ಗಂಡ ದತ್ತಾತ್ರೇಯರು ಮಗಳಿಗೆ ಹೇಳಿದ್ದರು.

ಒಂದು ವರ್ಷ ಹೀಗೇ ಹೋಯಿತು. ಆಮೇಲೆ ಮೊಣಕೈ ಮಡಚಲು ಬಾರದಾಯಿತು. ರವಿಕೆಯ ತೋಳಿನೊಳಗೆ ಕೈ ತೂರಿಸುವುದೇ ಒಂದು ಕೆಲಸವಾಯಿತು. ಬಾಚಣಿಗೆ ಹಿಡಿದ ಕೈ ಕಿವಿಯವರೆಗೆ ಏರಿ ಅಲ್ಲೇ ನಿಂತುಬಿಡುತ್ತಿತ್ತು. ಆಗ ಆಸ್ಪತ್ರೆಗೆ ಹೋದರು. ಪಾರ್ಕಿನ್‌ಸನ್ಸ್ ಎಂದ ಡಾಕ್ಟರು, ಬೆರಳು ಹೀಗೆ ಆಡಲು ಶುರುವಾಗಿದ್ದು ಯಾವಾಗ ಎಂದು ಕೇಳಿದರು. ದತ್ತಾತ್ರೇಯರು ನೆಲ ನೋಡಿದರು.

ಬತ್ತಿಯ ಹರಕೆ ಅತ್ತೆಯಿಂದ ಬಂದದ್ದು. ಲಕ್ಷ ಬತ್ತಿಯನ್ನು ತನ್ನ ಕೈಯಿಂದಲೇ ಹೊಸೆದು ತುಪ್ಪದಲ್ಲಿ ನೆನೆಸಿ ಕಾರ್ತಿಕದಲ್ಲಿ ತುಳಸಿಯ ಮುಂದೆ ಹಚ್ಚುತ್ತೇನೆ ಎಂದು ಅತ್ತೆ ಹೊತ್ತಿದ್ದರು. ಮುಗಿಸುವ ಮೊದಲೇ ತೀರಿಕೊಂಡರು. ಅರ್ಧಕ್ಕೆ ನಿಂತ ಹರಕೆ ಮನೆಯ ಮುಂದಿನ ತಲೆಮಾರಿನ ಹೆಂಗಸಿನ ಮೇಲೆ ಬರುತ್ತದೆ, ಅವಳು ಮೊದಲಿನಿಂದ ಶುರು ಮಾಡಬೇಕು ಎನ್ನುವುದು ಆ ಕಡೆಯ ಪದ್ಧತಿ. ಇಂದಿರಾ ಶುರು ಮಾಡಿದಳು. ದೆಹಲಿಯ ಲೋಧಿ ಕಾಲೋನಿಯ ಸರಕಾರಿ ಮನೆಯಲ್ಲಿ, ಸಂಜೆ ಆಫೀಸಿನಿಂದ ಬಂದ ದತ್ತಾತ್ರೇಯರು ಕೈಕಾಲು ತೊಳೆದು ಷಟ್ಪದಿ ಹಾಡಿ ಓದುವರು. ಅವಳು ಎದುರು ಕೂತು ಕೇಳುತ್ತ ಹೊಸೆಯುವಳು. ಓದು ಬಾರದವಳಲ್ಲ, ಆದರೆ ಪದ್ಯ ಅವಳಿಗೆ ಕಿವಿಯಿಂದಲೇ ಬರಬೇಕು. ರಾಗ ಎಳೆದಲ್ಲಿ ಹತ್ತಿ ಎಳೆಯುವಳು, ಸಾಲು ಮುರಿದಲ್ಲಿ ತುದಿ ತಿರುಚುವಳು.

ಈಗ ಡಬ್ಬಿಗಳು ಬಹುಪಾಲು ತುಂಬಿದ್ದವು. ಉಳಿದದ್ದು ಸ್ವಲ್ಪ. ಆ ಸ್ವಲ್ಪಕ್ಕೆ ಕೈ ಇರಲಿಲ್ಲ. ಮುಗಿಯದೆ ಹೋದರೆ ಹರಕೆ ಅಪೂರ್ವಾಳ ತಲೆಗೆ ಹೋಗುತ್ತದೆ. ನೋಯ್ಡಾದ ಕಂಪನಿಯಲ್ಲಿ ಕೆಲಸ ಮಾಡುವ, ಅಲ್ಲೇ ಗೆಳತಿಯರ ಜೊತೆ ಫ್ಲಾಟಿನಲ್ಲಿರುವ, ಕನ್ನಡದ ಮಾತು ಅರ್ಧಕ್ಕೆ ಬಂದಾಗಲೇ ಹಿಂದಿಗೆ ಜಾರುವ ಮಗಳು.

“ಅಮ್ಮಾ, ಯಾರ್, ನಾನು ಮಾಡಲ್ಲ ಅಂದ್ರೆ ದೇವರು ಏನ್ ಮಾಡ್ತಾರೆ? ನೋಟಿಸ್ ಕಳಿಸ್ತಾರಾ?”

“ನಗಬೇಡ. ನಿಮ್ಮಜ್ಜಿನೂ ಮೊದಲು ಹೀಗೇ ನಗ್ತಾ ಇದ್ರು.”

ಮಾತ್ರೆ ಶುರುವಾಯಿತು. ಮಾತ್ರೆ ಬರಿಹೊಟ್ಟೆಗೆ ನುಂಗಬಾರದು ಎನ್ನುವುದು ಮನೆಯ ಹಳೆಯ ನಂಬಿಕೆ. ಬೆಳಿಗ್ಗೆಯದನ್ನು ಹಾಲಿನ ಜೊತೆ, ಮಧ್ಯಾಹ್ನದ್ದನ್ನು ಮೊಸರನ್ನ ಮುಗಿಸಿ ನುಂಗುತ್ತಿದ್ದಳು. ಕೈ ಮರದ ಹಾಗೇ ಉಳಿಯಿತು. ಬಿಸಿನೀರಿನಲ್ಲಿ ಅದ್ದಿದಳು, ಎಣ್ಣೆ ತಿಕ್ಕಿಸಿಕೊಂಡಳು, ಎಡಗೈಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಬಿಡಿಸಿದ ಬೆರಳು ಮೆಲ್ಲಗೆ ಮತ್ತೆ ಮಡಚಿಕೊಳ್ಳುತ್ತಿತ್ತು.

ಹೀಗಿರುವಾಗ ಒಂದು ಏಕಾದಶಿ ಬಂತು. ಅವಳದು ಪೂರ್ತಿ ಉಪವಾಸ. ಮಾತ್ರೆಯನ್ನು ತುಳಸಿ ನೀರಿನಲ್ಲಿ ನುಂಗಿದಳು. ಸ್ವಲ್ಪ ಹೊತ್ತಿಗೆ ಹೂ ಕಟ್ಟಲು ಕೂತವಳು ಗಕ್ಕನೆ ನಿಲ್ಲಿಸಿದಳು. ಮುಷ್ಟಿ ತೆರೆದಿತ್ತು. ಮಣಿಕಟ್ಟು ತಿರುಗುತ್ತಿತ್ತು.

“ರೀ! ಬನ್ನಿ ಇಲ್ಲಿ. ಓದಿ, ಓದಿ, ಬೇಗ.”

“ಈಗಲಾ? ನಂಗೆ ಆಫೀಸು—”

“ಒಂದೇ ಪದ್ಯ.”

ದತ್ತಾತ್ರೇಯರು ಬ್ಯಾಗು ಹೆಗಲಲ್ಲಿಟ್ಟುಕೊಂಡೇ ಓದಿದರು. ಅವಳು ಹೊಸೆದಳು. ಬತ್ತಿಯ ತುದಿ ಹಿಂದಿನ ಹಾಗೇ ಎಡಕ್ಕೆ ತಿರುಗಿ ನಿಂತಿತು. ಇಬ್ಬರೂ ಅದನ್ನು ನೋಡುತ್ತ ಕೂತರು. ದತ್ತಾತ್ರೇಯರು ಕನ್ನಡಕ ತೆಗೆದು ಒರೆಸಿಕೊಂಡರು.

ಮರುದಿನ ದ್ವಾದಶಿ. ಅನ್ನ, ತೊವ್ವೆ, ಮೊಸರು ಉಂಡಳು. ಕೈ ಮತ್ತೆ ಮರವಾಯಿತು.

ಮುಂದಿನ ಏಕಾದಶಿಯಲ್ಲೂ ಹಾಗೇ ಆದಾಗ ಅವಳಿಗೆ ಎಲ್ಲ ತಿಳಿಯಿತು, ಅಥವಾ ತಿಳಿಯಿತು ಎಂದುಕೊಂಡಳು. ಹೊಟ್ಟೆಯನ್ನು ಕೊಟ್ಟರೆ ದೇವರು ಕೈಯನ್ನು ವಾಪಸು ಕೊಡುತ್ತಾನೆ. ಗುರುವಾರ ಹಿಡಿದಳು. ಶನಿವಾರ ಹಿಡಿದಳು. ಸೋಮವಾರವನ್ನೂ ಸೇರಿಸಿದಳು. ಉಳಿದ ದಿನಗಳಲ್ಲೂ, ಗಂಡ ಆಫೀಸಿಗೆ ಹೋದ ಮೇಲೆ, ತಟ್ಟೆಯನ್ನು ಸುಮ್ಮನೆ ತೊಳೆದಿಟ್ಟಳು. ಬತ್ತಿಗಳ ರಾಶಿ ಬೆಳೆಯಿತು. ದತ್ತಾತ್ರೇಯರಿಗೆ ಇಷ್ಟು ಉಪವಾಸ ಕಾಣದೆ ಇರಲಿಲ್ಲ. ಆದರೆ ಸಂಜೆ ಪದ್ಯಕ್ಕೆ ಸರಿಯಾಗಿ ಕೈ ಆಡಿಸುತ್ತ ಕೂತವಳನ್ನು ಕಂಡಾಗ ಊಟ ಮಾಡು ಎನ್ನುವ ಮಾತು ಅವರ ಬಾಯಿಗೆ ಬರುತ್ತಿರಲಿಲ್ಲ.

ಮಾತು ಬಂದದ್ದು ಅಪೂರ್ವಾಳಿಗೆ. ಭಾನುವಾರ ಬಂದವಳು ತಾಯಿಯ ರವಿಕೆಗೆ ಹುಕ್ಕು ಹಾಕಲು ನಿಂತು ಕೈ ಬಿಟ್ಟಳು.

“ಯೇ ಕ್ಯಾ ಹೈ, ಅಮ್ಮಾ? ಮೂಳೆ ಕಾಣ್ತಿದೆ. ನೀನು ತಿಂತಾ ಇದ್ದೀಯಾ ಇಲ್ವಾ?”

“ವಯಸ್ಸಾಯ್ತಲ್ಲ.”

“ಅಪ್ಪಾ! ನೀವು ನೋಡೋದೇ ಇಲ್ವಾ?”

“ಕೈ ಆಡ್ತಾ ಇದೆಯಲ್ಲ ಮಗೂ,” ಎಂದರು ದತ್ತಾತ್ರೇಯರು. ಅಷ್ಟೇ ಹೇಳಿ ಹಾಲಿನ ಪ್ಯಾಕೆಟ್ಟು ತರಲು ಎದ್ದರು. ಹಾಲು ಆಗಲೇ ಬಂದಿತ್ತು.

ಮರುದಿನ ಸೋಮವಾರ ಬಟ್ಟೆ ಒಣಗಿಸಲು ಅಂಗಳಕ್ಕೆ ಇಳಿದ ಇಂದಿರಾ ಕಣ್ಣು ಕತ್ತಲಿಟ್ಟು ಬಿದ್ದಳು. ಬಲಗೈ ಮೈಯಡಿ ಸಿಕ್ಕಿ ಮಣಿಕಟ್ಟಿನ ಮೇಲೆ ಮುರಿಯಿತು.

ಪ್ಲಾಸ್ಟರು ಹಾಕಿಸಿದ ದಿನವೇ ನರಗಳ ಡಾಕ್ಟರನ್ನೂ ಕಂಡರು. ಅಪೂರ್ವಾ ಎಲ್ಲವನ್ನೂ ಹೇಳಿದಳು. ಡಾಕ್ಟರು ಹಿಂದಿಯಲ್ಲಿ, ಬೈಯದೆ, ವಿವರಿಸಿದರು. ಬೇಳೆ, ಹಾಲು, ಮೊಸರು ಹೊಟ್ಟೆಯಲ್ಲಿದ್ದರೆ ಈ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ಊಟಕ್ಕೆ ಅರ್ಧ ಗಂಟೆ ಮುಂಚೆ ನೀರಿನಲ್ಲಿ ನುಂಗಿದ್ದರೆ ಸಾಕಿತ್ತು. ಉಪವಾಸ ಬೇಕಿರಲಿಲ್ಲ.

“ಬರೀ ನೀರಿನಲ್ಲಿ?” ಎಂದಳು ಇಂದಿರಾ.

“ಬರೀ ನೀರಿನಲ್ಲಿ, ಮಾತಾಜೀ.”

ವಾಪಸು ಬರುವಾಗ ಆಟೋದಲ್ಲಿ ಮೂವರೂ ಒತ್ತಿಕೊಂಡು ಕೂತಿದ್ದರು. ಅವಳು ಗಂಡನನ್ನು ಕೇಳಿದಳು: “ಹಾಗಾದ್ರೆ ಕೈ ಆಡಿಸಿದ್ದು ದೇವರಲ್ವಾ?”



ಪ್ಲಾಸ್ಟರು ಬಿಚ್ಚುವ ಹೊತ್ತಿಗೆ ಕೈ ಒಳಗೇ ಗಟ್ಟಿಯಾಗಿತ್ತು. ಮಣಿಕಟ್ಟು ಬಾಗಲಿಲ್ಲ, ಹೆಗಲು ಏಳಲಿಲ್ಲ. ವ್ಯಾಯಾಮ ಹೇಳಿಕೊಟ್ಟರು. ರಬ್ಬರ್ ಚೆಂಡು ಹಿಸುಕುವುದು, ಗೋಡೆಯ ಮೇಲೆ ಬೆರಳುಗಳನ್ನು ಮೆಲ್ಲಗೆ ಮೇಲಕ್ಕೆ ನಡೆಸುವುದು. ದಿನವೂ ಮಾಡಿದಳು. ಬೆರಳು ಗೋಡೆಯಲ್ಲಿ ಹೋದಷ್ಟಕ್ಕೆ ಭಾನುವಾರ ಬಂದಾಗ ಪೆನ್ಸಿಲಿನ ಗುರುತು ಹಾಕುತ್ತಿದ್ದ ಅಪೂರ್ವಾ ಒಂದು ವಾರ ಗುರುತು ಹಾಕಲಿಲ್ಲ, ಬೆರಳು ಹಳೆಯದನ್ನು ದಾಟಿರಲಿಲ್ಲ. ಮಾತ್ರೆ ಈಗ ಹೊತ್ತಿಗೆ ಸರಿಯಾಗಿ, ನೀರಿನಲ್ಲಿ. ಚಮಚ ಹಿಡಿಯುವಷ್ಟು ಬಂತು. ಹತ್ತಿಯ ಎಳೆ ಹಿಡಿಯುವಷ್ಟು ಬರಲಿಲ್ಲ.

“ಉಳಿದದ್ದು ನಾನು ಹೊಸೆದುಬಿಡ್ಲಾ?” ಎಂದು ದತ್ತಾತ್ರೇಯರು ಒಮ್ಮೆ ಕೇಳಿದರು. “ಯಾರಿಗೆ ಗೊತ್ತಾಗುತ್ತೆ?”

“ಇಷ್ಟು ದಿನ ದೇವರ ಪದ್ಯ ಓದ್ತಾ ಬಂದಿರೋರು ನೀವು. ನೀವೇ ಹೀಗೆ ಕೇಳ್ತೀರಾ?”

ಅವರು ಮತ್ತೆ ಕೇಳಲಿಲ್ಲ. ಆದರೆ ಅವಳು ಮಧ್ಯಾಹ್ನ ಮಲಗಿದಲ್ಲೇ ಅಪೂರ್ವಾಳ ಹೆಸರು ಹೇಳಿ ಅಳುವುದು ಅವರ ಕಿವಿಗೆ ಬೀಳುತ್ತಿತ್ತು. ಕಾರ್ತಿಕ ಹತ್ತಿರವಾದಾಗ ಒಂದು ಸಂಜೆ ಬಂದು, ಪದ್ಯದ ಪುಸ್ತಕ ಬಿಡಿಸದೆ, ಎದುರು ಕೂತು ಹೇಳಿದರು: “ಡಬ್ಬಿ ಎಲ್ಲ ಮತ್ತೆ ಎಣಿಸಿದೆ. ಮೊದಲು ತಪ್ಪು ಲೆಕ್ಕ ಹಾಕಿದ್ವಿ. ಪೂರ್ತಿ ಇದೆ ಇಂದಿರಾ. ಮುಗಿದುಹೋಗಿದೆ.”

ಅವಳು ಎಡಗೈಯಿಂದ ಬಲಗೈಯನ್ನು ಎತ್ತಿ ಜೋಡಿಸಿ ಕೈಮುಗಿದಳು.

ತುಳಸಿಪೂಜೆಯ ದಿನ ದೆಹಲಿಯ ಹೊಗೆ ಅಂಗಳಕ್ಕೇ ಇಳಿದಂತಿತ್ತು. ದತ್ತಾತ್ರೇಯರು ತರಕಾರಿ ಭಯ್ಯಾನಿಂದ ನೆಲ್ಲಿಯ ಕೊಂಬೆ ತರಿಸಿ ತುಳಸಿಯ ಕುಂಡದಲ್ಲಿ ನೆಟ್ಟಿದ್ದರು. ದೊಡ್ಡ ಬಾಣಲೆಯಲ್ಲಿ ಬತ್ತಿಗಳೆಲ್ಲ ತುಪ್ಪದಲ್ಲಿ ನೆನೆದಿದ್ದವು. ಮೆಟ್ಟಿಲ ಮೇಲೆ ಕೂತ ಇಂದಿರಾ ಬಗ್ಗಿ ನೋಡಿದಳು. ಇನ್ನಷ್ಟು ಬಗ್ಗಿದಳು.

ಅವಳ ಬತ್ತಿಯ ತುದಿ ಎಡಕ್ಕೆ ತಿರುಗಿರುತ್ತದೆ. ಇಲ್ಲಿ ನಡುನಡುವೆ ಬೇರೆ ಬತ್ತಿಗಳಿದ್ದವು. ಒಂದೇ ಅಳತೆಯವು, ಯಂತ್ರದಲ್ಲಿ ಕತ್ತರಿಸಿದವು.

“ಇದು ನಂದಲ್ಲ.”

ದತ್ತಾತ್ರೇಯರು ಕುಂಡದಲ್ಲಿ ನೆಲ್ಲಿಯ ಕೊಂಬೆಯನ್ನು ನೇರ ಮಾಡಿದರು.

“ಅಂಗಡಿದು. ನೀವಾ?”

“ನಾನೇ,” ಎಂದರು. “ನೀನು ಅಳೋದು ಕೇಳಕ್ಕಾಗ್ಲಿಲ್ಲ.”

“ಆರಿಸಿ ತೆಗೀರಿ.”

ಅವರು ಬಾಣಲೆಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಒಂದನ್ನು ಎತ್ತಿದರು, ಕಣ್ಣಿನ ಹತ್ತಿರ ಹಿಡಿದರು, ಮತ್ತೊಂದನ್ನು ಎತ್ತಿದರು. ಬೆರಳಿನಿಂದ ತುಪ್ಪ ಮೊಣಕೈವರೆಗೆ ಇಳಿಯಿತು. “ನಂಗೆ ಎಲ್ಲ ಒಂದೇ ಥರ ಕಾಣುತ್ತೆ, ಇಂದಿರಾ.”

ಗೊತ್ತಾಗುವುದು ಅವಳೊಬ್ಬಳಿಗೆ. ಅವಳು ಮೆಟ್ಟಿಲಿನಿಂದ ಜಾರಿ ನೆಲಕ್ಕೆ ಕೂತು ಬಲಗೈಯನ್ನು ಬಾಣಲೆಯೊಳಗೆ ಇಟ್ಟಳು. ಬೆರಳುಗಳು ಬತ್ತಿಗಳನ್ನು ಮುಟ್ಟಿದವು, ತಳ್ಳಿದವು, ಕಲಕಿದವು. ಒಂದನ್ನೂ ಹಿಡಿಯಲಿಲ್ಲ. ಎಡಗೈ ಹಾಕಿದಳು; ಈಚೆಗೆ ಅದೂ ನಡುಗಲು ಶುರುವಾಗಿತ್ತು.

ಅಪೂರ್ವಾ ಬೆಂಕಿಪೊಟ್ಟಣ ಹಿಡಿದು ಒಳಗಿನಿಂದ ಬಂದಳು. ಬಹಳ ದಿನಗಳ ಮೇಲೆ ಸೀರೆ ಉಟ್ಟಿದ್ದಳು. “ಚಲೋ, ಹಚ್ಚೋಣ್ವಾ? ಪೂರ್ತಿ ಆಯ್ತಲ್ಲ ಅಮ್ಮಾ, ಫೈನಲೀ! ನಾನೇ ಹಚ್ತೀನಿ.”

ಇಂದಿರಾ ಮಗಳ ಮುಖ ನೋಡಿದಳು. ಆಮೇಲೆ ಗಂಡನ ಮುಖ ನೋಡಿದಳು. ಸುಳ್ಳಿನ ಬತ್ತಿಗೆ ಮಗಳ ಕೈ ತಾಗಬಾರದು.

“ನೀನು ಮುಟ್ಟಬೇಡ,” ಎಂದಳು. “ಅಪ್ಪ ಹಚ್ಚಲಿ. ನೀನು ಒಳಗೆ ಹೋಗು.”

“ಯಾಕೆ?”

“ಹೋಗು ಮಗಾ. ಹೊಗೆ ಬರುತ್ತೆ.”

ದತ್ತಾತ್ರೇಯರು ಕಡ್ಡಿ ಗೀರಿದರು. ಮೊದಲನೆಯದು ಆರಿತು. ಎರಡನೆಯದಕ್ಕೆ ಬಾಣಲೆ ಹೊತ್ತಿಕೊಂಡಿತು, ಎರಡು ಥರದ ಬತ್ತಿಯೂ ಒಟ್ಟಿಗೆ. ಮೇಲಿನ ಮನೆಯ ಕಿಟಕಿ ಮುಚ್ಚಿದ ಸದ್ದಾಯಿತು. “ಅಂಕಲ್‌ಜೀ, ಇತನಾ ಧುಆಂ!” ಎಂದು ಯಾರೋ ಹೊಗೆಗೆ ರೇಗಿ ಕೂಗಿದರು.

ಅವರು ಪದ್ಯ ಎತ್ತಿಕೊಂಡರು. ಎರಡನೇ ಸಾಲಿಗೆ ದನಿ ನಿಂತಿತು. ಇಂದಿರಾ ಕೇಳಲು ಕಾದಳು. ಅದು ಮತ್ತೆ ಬರಲಿಲ್ಲ. ಅವಳ ತೊಡೆಯ ಮೇಲೆ ತುಪ್ಪ ಮೆತ್ತಿದ ಕೈ, ಹತ್ತಿಯಿಲ್ಲದೆ, ಹೊಸೆಯುತ್ತಲೇ ಇತ್ತು.