ಬಲಿಚೀಲದ ಮೀನ

ಸಾಣಾಪುರ ಕೆರ್ಯಾಗ ಬಂದವ್ರಿಗೆ ಮೀನ ಹಿಡಿಸೋ ಗೈಡ್ ನಾನು. ಹನ್ನೊಂದು ವರ್ಷ ತೆಪ್ಪಕ್ಕ ಹುಟ್ಟು ಹಾಕಿ ಹಾಕಿ ರಟ್ಟಿ ಬಿದ್ದುಹೋಗ್ಯಾವ. ಬರೋರಿಗೆ ತಾಳ್ಮಿ ಅನ್ನೋದ ಇಲ್ಲ, ತಾಸಿನ್ಯಾಗ ಮೀನ ಹಿಡಿದ ಫೋಟೋ ಬೇಕು. ಅದಕ್ಕ ತೆಪ್ಪದ ಅಂಚಿಗೆ, ನೀರಾಗ, ಮೀನ ಹಿಡಿಯೋ ಬಲಿಯಿಂದ ಹೊಲಿದ ಒಂದು ಬಲಿಚೀಲ ಇಳಿಬಿಟ್ಟಿರ್ತೀನಿ. ಅದರಾಗೊಂದು ಜೀವಂತ ಮೀನ. ಅವ್ರು ಗುಡ್ಡ ನೋಡಾಕ ತಿರುಗಿದಾಗ ಅದನ್ನ ಅವ್ರ ಗಾಳಕ್ಕ ಸಿಗಿಸಿ, "ಎಳೀರಿ!" ಅಂತ ಒದರ್ತೀನಿ.

ಇವತ್ತು ಕುಷ್ಟಗಿಯಿಂದ ಭವಾನಿ ಅಕ್ಕೋರು ಬಂದಿದ್ರು, ರಿಟೈರ್ ಆದ ಟೀಚರ್. ಮೂರು ತಾಸು ಗಾಳ ಬಿಟ್ಟು ಸುಮ್ಮನ ಕುಂತ್ರು. ಫೋಟೋ ಕೇಳಲಿಲ್ಲ, ಗೊಣಗಲಿಲ್ಲ. ಬಿಸಲಿಗೆ ನನಗ ಸಾಕಾಗಿ ಚೀಲಕ್ಕ ಕೈ ಹಾಕಿದೆ. ಅಷ್ಟರಾಗ ಅವ್ರ ದಾರ ತಾನ ಜಗ್ಗಿತು.

"ಬಿಡಬ್ಯಾಡ್ರಿ ಅಕ್ಕೋರ, ಬಿಡಬ್ಯಾಡ್ರಿ!" ಹುಚ್ಚನಂಗ ಚೀರಿದೆ.

ಮೊಳದುದ್ದದ ಮೀನ ತೆಪ್ಪದಾಗ ಬಂದು ಬಿತ್ತು. ಅಕ್ಕೋರು ನನ್ನ ಮುಖ ನೋಡಿ ನಕ್ಕರು.

"ಏನೋ ಹುಲಿಗೆಪ್ಪ, ದಿನಾ ಇದ ಕೆಲಸ ನಿಂದು. ಮೊದಲನೇ ಸಲ ನೋಡಿದಂಗ ಮಾಡ್ತೀಯಲ್ಲ?"

"ಭಾಳ ವರ್ಷ ಆಗಿತ್ರಿ ಅಕ್ಕೋರ," ಅಂದೆ.

ಅವ್ರಿಗೆ ಕಾಣದಂಗ ಬಲಿಚೀಲದ ಬಾಯಿ ಬಿಚ್ಚಿದೆ. ಒಳಗಿನ ಮೀನ ಅಲ್ಲೇ ನಿಂತಿತ್ತು. ಹೊರಗ ಹೋಗೂದು ಅದಕ್ಕ ಮರತಹೋಗಿತ್ತು. ಬೆರಳಿಲೆ ಮೆಲ್ಲಕ ನೂಕಬೇಕಾತು.