ಎಡಗಿವಿಗೊಂದು ಸ್ವರ

ಆ ಸಂಗೀತ ನಾಟಕದಲ್ಲಿ ನನ್ನ ಪಾಲಿಗೆ ಬಂದದ್ದು ಒಂದೇ ಒಂದು ಸ್ವರ. ಅದನ್ನೂ ಹಾಡುವಂತಿಲ್ಲ, ಗುನುಗಬೇಕು. ಪ್ಲೈವುಡ್ಡಿನ ದೀಪಸ್ತಂಭದೊಳಗೆ ಮೊಣಕಾಲು ಮಡಚಿ ಕೂತು, ಅಮ್ಮನಿಗೆ ಮಾತ್ರ ಕೇಳುವಷ್ಟು.

ಅಮ್ಮನೇ ನಾಯಕಿ, ದೀಪಸ್ತಂಭ ಕಾಯುವ ಹೆಂಗಸು. ಮೊದಲ ಅಂಕದ ಕೊನೆಗೆ ಬಿರುಗಾಳಿಗೆ ದೀಪ ಆರುತ್ತದೆ. ವಾದ್ಯಗಳೆಲ್ಲ ನಿಲ್ಲುತ್ತವೆ. ದಾರಿ ತಪ್ಪಿದ ದೋಣಿಗಳಿಗೆ ದಡ ಎಲ್ಲಿದೆಯೆಂದು ತಿಳಿಸಲು ಅವಳು ಕತ್ತಲಲ್ಲಿ ಒಬ್ಬಳೇ ಹಾಡತೊಡಗುತ್ತಾಳೆ. ಎರಡನೇ ಚರಣಕ್ಕೆ ಪಿಟೀಲು, ಕೀಬೋರ್ಡು ಬಂದು ಸೇರುತ್ತವೆ. ಹಿಡಿದ ಸ್ವರ ಕೂದಲೆಳೆಯಷ್ಟು ಜಾರಿದ್ದರೂ ಆಗ ಬಣ್ಣ ಬಯಲು. ಪಳಗಿದವರೇ ಬೆವರುವ ಜಾಗ ಅದು; ಅವಳಿಗೆ ಶ್ರುತಿ ಹಿಡಿಸಲೆಂದೇ ನನ್ನ ಗುನುಗು. ನಮ್ಮದೋ, ಸಂಜೆ ಕೆಲಸ ಮುಗಿಸಿ ಬಂದು ಕುಣಿಯುವ ಹವ್ಯಾಸಿ ಸಂಘ. ನಿರ್ದೇಶಕರು ಹಲ್ಲಿನ ಡಾಕ್ಟರು. ಅವರು ಮೇಳದವರಿಗೆ "ಬಾಯಿ ದೊಡ್ಡದಾಗಿ ತೆಗೀರಿ" ಅಂದಾಗಲೆಲ್ಲ ಯಾರಾದರೊಬ್ಬರು ದವಡೆ ಹಿಡಿದುಕೊಂಡು, "ಅಯ್ಯೋ, ಕೀಳಬೇಡಿ ಸಾರ್" ಅನ್ನುವರು. ಕೀಬೋರ್ಡ್ ನುಡಿಸುವವರು ಸಿಟಿ ಬಸ್ಸಿನ ಚಾಲಕರು, ಎಲ್ಲರಿಗೂ ಬಸ್ ಮಾವ. ನನಗೆ ಅಲ್ಲಿದ್ದ ಹೆಸರು ಪಿಸುಮಾತು.

ಅಮ್ಮನ ಬಲಗಿವಿ ಕೇಳುವುದಿಲ್ಲವೆಂಬುದು ಸಂಘದಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು. ಮೊದಲು ಹೋದದ್ದು ಚೂಪು ದನಿಗಳು: ಕುಕ್ಕರಿನ ಸೀಟಿ, ಫೋನಿನ ಕರೆ, ಪಿಟೀಲು. ಮಾತು ಹೋದದ್ದು ಆಮೇಲೆ. ಅವಳು ಕೂರುವ ಲಾಂಡ್ರಿ ಕೌಂಟರಿನಲ್ಲಿ ಗಿರಾಕಿ ಬಲಗಡೆ ನಿಂತು ಮಾತಾಡಿದರೆ, ಬಟ್ಟೆ ಮಡಚುವ ನೆಪದಲ್ಲಿ ಇಡೀ ಮೈ ತಿರುಗಿಸಿ ಎಡಗಿವಿ ಒಡ್ಡುತ್ತಿದ್ದಳು. ಕಿವಿಯ ಡಾಕ್ಟರು ಆ ಎಡಗಿವಿಯ ಮೇಲೂ ಒಂದು ಕಣ್ಣಿಡಿ ಅಂದಿದ್ದರು.

"ಕಿವಿ ಮೇಲೆ ಕಣ್ಣು ಇಡೋದು ಹ್ಯಾಗಂತೆ?" ಎಂದು ಅಮ್ಮ ದಾರಿಯುದ್ದಕ್ಕೂ ನಕ್ಕಿದ್ದಳು. ಮನೆಗೆ ಬಂದ ಮೇಲೆ ನಗಲಿಲ್ಲ. "ಗೊತ್ತಾದ್ರೆ ಪಾತ್ರ ಕಿತ್ಕೋತಾರೆ ಕಣೇ. ಯಾರ ಹತ್ರಾನೂ ಬಾಯಿ ಬಿಡಬೇಡ."

"ನಾನು ಬಾಯಿ ಬಿಟ್ಟಿದ್ದು ಯಾವತ್ತಮ್ಮ?"

ದೀಪಸ್ತಂಭ ವೇದಿಕೆಯಲ್ಲಿ ಅಮ್ಮನ ಎಡಕ್ಕಿತ್ತು. ಅಭ್ಯಾಸದಲ್ಲಿ ಒಂದು ಸಲವೂ ಸ್ವರ ತಪ್ಪಿರಲಿಲ್ಲ.

ಮೊದಲ ಪ್ರದರ್ಶನದ ಮಧ್ಯಾಹ್ನ ನಾವು ರಂಗಮಂದಿರಕ್ಕೆ ಬಂದಾಗ ದೀಪಸ್ತಂಭ ಅಮ್ಮನ ಬಲಕ್ಕೆ ಹೋಗಿತ್ತು. ಅದರ ತುದಿಯ ದೀಪದ ತಂತಿ ಎಡಕ್ಕೆ ಎಟುಕುತ್ತಿರಲಿಲ್ಲವಂತೆ. ಅಮ್ಮ ನನ್ನನ್ನು ನೋಡಿದಳು, ನಾನು ಅಮ್ಮನನ್ನು. "ತಿರುಗಿ ನಿಂತ್ರೆ?" ಅಂದೆ.

"ಜನಕ್ಕೆ ಬೆನ್ನು ತೋರಿಸ್ಕೊಂಡು ಹಾಡಕ್ಕಾಗುತ್ತಾ? ನೀನು ಸ್ವಲ್ಪ ಜೋರಾಗಿ ಗುನುಗು, ಆಯ್ತು."

ಆಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ನಾನು ನಿರ್ದೇಶಕರ ಹತ್ತಿರ ಹೋಗಿ ನಿಂತೆ. ತಂತಿ ಚಿಕ್ಕದಾದರೆ ಇನ್ನೊಂದು ತಂತಿ ಸೇರಿಸಬಹುದಲ್ಲ ಸಾರ್, ಇಷ್ಟೇ ಮಾತು. ಮನಸ್ಸಿನಲ್ಲಿ ಉರು ಹೊಡೆದುಕೊಂಡೇ ಹೋಗಿದ್ದೆ.

"ಏನು ಪಿಸುಮಾತು, ಏನಾದ್ರೂ ಹೇಳ್ಬೇಕಾ?"

"ಯಾಕೆ" ಎಂದು ಅವರು ಕೇಳಿಬಿಟ್ಟರೆ?

"ಇಲ್ಲ ಸಾರ್."

ಸಭಾಂಗಣ ತುಂಬಿತು. ಹಾಡುಗಳು ಒಂದರ ಹಿಂದೊಂದು ದಾಟಿದವು. ಮೇಳದವರು ಎಲ್ಲೋ ಎಡವಿದರು, ಹೇಗೋ ಎದ್ದರು. ನಾನು ದೀಪಸ್ತಂಭದೊಳಗೆ ಕೂತು ಫೋನಿನಲ್ಲಿದ್ದ ಸ್ವರವನ್ನು ಕಿವಿಗೆ ಒತ್ತಿ ಹಿಡಿದು ಮತ್ತೆ ಮತ್ತೆ ಕೇಳಿದೆ.

ದೀಪ ಆರಿತು. ವಾದ್ಯ ನಿಂತಿತು. ಗುನುಗಿದೆ. ಪ್ಲೈವುಡ್ಡಿನ ಸಂದಿಯಲ್ಲಿ ಅಮ್ಮನ ಹೆಗಲು ಕಾಣುತ್ತಿತ್ತು, ಅದು ಅಲ್ಲಾಡಲಿಲ್ಲ. ಇನ್ನೂ ಜೋರಾಗಿ ಗುನುಗಿದೆ. ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಅಮ್ಮ ಉಸಿರು ತೆಗೆದುಕೊಂಡು, ಕಣ್ಣು ಮುಚ್ಚಿ ಬಾವಿಗೆ ಹಾರುವವಳಂತೆ, ಹಾಡತೊಡಗಿದಳು.

ಸ್ವರ ಕೆಳಗಿತ್ತು. ಕೀಬೋರ್ಡಿನ ಒಂದು ಮನೆ, ಒಂದು ಕೀಲಿಯಷ್ಟು, ಕೆಳಗಿದ್ದರೂ ಬಸ್ ಮಾವ ಹೇಗೋ ಹೊಂದಿಸಿಕೊಳ್ಳುತ್ತಿದ್ದರು. ಅಮ್ಮ ಹಿಡಿದದ್ದು ಯಾವ ಮನೆಯೂ ಅಲ್ಲ, ಎರಡು ಮನೆಗಳ ನಡುವಿನ ಗೋಡೆ. ಆದರೆ ಹಾಡು? ಒಬ್ಬಳೇ ಹಾಡುವಾಗ ಅದರಲ್ಲಿ ಒಂದು ಕುಂದೂ ಇರಲಿಲ್ಲ. ಜನ ಉಸಿರು ಬಿಗಿಹಿಡಿದಿದ್ದರು. ಎರಡನೇ ಚರಣಕ್ಕೆ ವಾದ್ಯ ಬಂದರೆ ಎಲ್ಲ ಮುಗಿಯಿತು.

ನಾನು ಹಿಂದಿನ ಬಟ್ಟೆ ಸರಿಸಿ ಹೊರಬಿದ್ದೆ. ಕತ್ತಲಲ್ಲಿ ಯಾರದೋ ಕಾಲು ತುಳಿದೆ. ಪಕ್ಕದ ಪರದೆಯ ಮರೆಯಲ್ಲಿ ಕೂತಿದ್ದ ಬಸ್ ಮಾವನ ಬೆರಳುಗಳು ಆಗಲೇ ಕೀಬೋರ್ಡಿನ ಮೇಲೆ ಇಳಿಯುತ್ತಿದ್ದವು. ಅವರ ಮಣಿಕಟ್ಟು ಹಿಡಿದುಕೊಂಡೆ.

"ಬೇಡ ಮಾವ."

"ಏನೇ ಇದು? ಬಿಡು!"

"ಬ್ರೇಕ್ ಹಾಕಿ ಮಾವ. ದಮ್ಮಯ್ಯ."

ಅವರು ನನ್ನ ಮುಖ ನೋಡಿದರು. ಕ್ಷಣ ಕಿವಿಗೊಟ್ಟು ಕೇಳಿದರು. ಬೆರಳು ಎತ್ತಿ, ಪಿಟೀಲಿನ ಹುಡುಗಿಗೂ ನಿಲ್ಲೆಂದು ಅಂಗೈ ತೋರಿಸಿದರು. ಅಮ್ಮ ಒಬ್ಬಳೇ ಕೊನೆಯವರೆಗೂ ಹಾಡಿದಳು. ಪರದೆ ಬಿದ್ದ ಮೇಲೂ ಚಪ್ಪಾಳೆ ನಿಲ್ಲಲಿಲ್ಲ.

ಓಡಿ ಬಣ್ಣದ ಕೋಣೆಗೆ ಹೋದೆ. ಅಮ್ಮ ಕನ್ನಡಿಯ ಮುಂದೆ ಎಡಗಿವಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಬಿಟ್ಟು, ಮತ್ತೆ ಮುಚ್ಚಿಕೊಂಡು ಕೂತಿದ್ದಳು.

"ಪಿಟೀಲು ಕೇಳಿಸ್ಲಿಲ್ಲ ಕಣೇ."

"ಅಮ್ಮ..."

"ಚಪ್ಪಾಳೆ ಕೇಳಿಸ್ತು. ನಿನ್ನ ಮಾತು ಕೇಳಿಸ್ತಿದೆ. ಪಿಟೀಲು ಒಂದು ಎಳೇನೂ ಇಲ್ಲ, ಕೀಬೋರ್ಡೂ ಇಲ್ಲ. ಆ ಕಿವೀನೂ ಹಿಂಗೇ ತಾನೆ ಶುರುವಾಗಿದ್ದು? ಇದೂ ಹೋಯ್ತು."

ನೀನು ಅಷ್ಟು ಚೆನ್ನಾಗಿ ಹಾಡಿದೆ, ಅವರು ನುಡಿಸುವುದನ್ನೇ ಮರೆತರು ಅನ್ನಬಹುದಿತ್ತು. ಅವಳು ನಂಬುತ್ತಿರಲಿಲ್ಲ.

"ಅವರು ನುಡಿಸ್ಲೇ ಇಲ್ಲಮ್ಮ. ನಾನೇ ನಿಲ್ಲಿಸ್ದೆ. ನೀನು ಶ್ರುತಿ ತಪ್ಪಿದ್ದೆ."

ನನ್ನ ದನಿ ಎಷ್ಟು ಏರಿತ್ತೆಂದರೆ ಕೋಣೆಯಲ್ಲಿದ್ದ ಮೇಳದವರೆಲ್ಲ ತಿರುಗಿ ನೋಡಿದರು.

"ತಪ್ಪಿದ್ನಾ?"

"ಪೂರ್ತಿ."

"ನನ್ನಾಣೆ?"

"ನಿನ್ನಾಣೆ."

ಅಮ್ಮ ನಕ್ಕಳು. ಕೆನ್ನೆಯ ಬಣ್ಣ ಬಿರುಕು ಬಿಡುವಷ್ಟು, ಕಣ್ಣಲ್ಲಿ ನೀರು ಬರುವಷ್ಟು. "ಅಷ್ಟೇನಾ! ಬರೀ ಅಪಶ್ರುತಿ! ಕೋಣನ ಮುಂದೆ ಕಿನ್ನರಿ ಅಂತಾರೆ, ಇಲ್ಲಿ ಕೋಣಾನೇ ಹಾಡಿದೆ ನೋಡು."

ಅಷ್ಟರಲ್ಲಿ ನಿರ್ದೇಶಕರು ಬಾಗಿಲು ತಳ್ಳಿಕೊಂಡು ಬಂದರು. "ವಾದ್ಯ ಬಿಟ್ಟಿದ್ದು ಯಾರು? ನನ್ನ ಕೇಳ್ದೆ? ಆದ್ರೆ... ಪರವಾಗಿಲ್ಲ, ಚೆನ್ನಾಗಿತ್ತು."

ನಾನು ಬಾಯಿ ತೆರೆದೆ. ಅಮ್ಮ ನನ್ನ ಕೈ ಒತ್ತಿ ಸುಮ್ಮನಾಗಿಸಿದಳು.

"ಡಾಕ್ಟ್ರೇ, ನಾಳೆ ದೀಪಸ್ತಂಭ ನನ್ನ ಎಡಕ್ಕೆ ತನ್ನಿ. ಬಲಗಿವಿ ಕೇಳಿಸಲ್ಲ ನನಗೆ."

ನಿರ್ದೇಶಕರು ಅಮ್ಮನ ಬಲಕ್ಕೇ ನಿಂತಿದ್ದರು. ಮೆಲ್ಲಗೆ ಏನೋ ಕೇಳಿದರು. ಅಮ್ಮ ಕನ್ನಡಿ ನೋಡುತ್ತಲೇ ಇದ್ದಳು. ಎರಡನೇ ಅಂಕದ ಗಂಟೆ ಹೊಡೆಯಿತು.

ನಾನು ಅವಳ ಎಡಕ್ಕೆ ಬಗ್ಗಿ, ಎಲ್ಲರಿಗೂ ಕೇಳುವಂತೆಯೇ ಹೇಳಿದೆ: "ಎರಡನೇ ಅಂಕ ಹಾಡಕ್ಕಾಗುತ್ತಾ ಅಂತ ಕೇಳ್ತಿದ್ದಾರಮ್ಮ."

ಅಮ್ಮ ಎದ್ದು ನಿಂತು ಸೆರಗು ಕೊಡವಿದಳು.