ಎರಡು ಸುತ್ತಿನ ಗಂಟು

ಡಾಕ್ಟರ್ ಟ್ರುಂಪಿ ನನ್ನ ಹೆಬ್ಬೆರಳಿಗೆ ಐದು ಹೊಲಿಗೆ ಹಾಕಿದಾಗ ನಾನು ಬೇರೆ ಕಡೆ ನೋಡಲಿಲ್ಲ. ದಾರವನ್ನು ಎರಡು ಸುತ್ತು ಸುತ್ತಿ ಎಡಕ್ಕೆ ಎಳೆದು ಗಂಟು ಹಾಕುತ್ತಿದ್ದರು. ಹಾಗೆ ಗಂಟು ಹಾಕುವವರನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಮುಂದಿನ ವರ್ಷ ಏಳೂವರೆ ಅಡಿಯ ಒಬ್ಬ ನನ್ನ ಚೀಸ್ ಅರೆಯುವ ಗಿರಣಿಯ ಬಾಗಿಲಲ್ಲಿ ಬಗ್ಗಿ ನಿಂತ. ಕುತ್ತಿಗೆಯ ಸುತ್ತ ಅವೇ ಗಂಟುಗಳು. ನಮ್ಮ ಹಸಿರು ಚೀಸಿನ ವಾಸನೆಗೆ ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಾರೆ. ಇವನು ಎದೆ ತುಂಬ ಉಸಿರೆಳೆದುಕೊಂಡು, ಸ್ವಲ್ಪ ಮಿಕ್ಕಿದೆಯಾ ಎಂದು ಕೇಳಿದ. ಆಮೇಲೆ ಕಥೆಯನ್ನೆಲ್ಲ ಹೇಳಿದ. ಎರಡು ವರ್ಷದ ಹಿಂದೆ, ಬಾಸೆಲ್ ನಗರದಲ್ಲಿ, ಸತ್ತವರ ಅಂಗಾಂಗ ಜೋಡಿಸಿ ಡಾಕ್ಟರರೇ ಅವನನ್ನು ಹೊಲಿದು ಎಬ್ಬಿಸಿದ್ದರು. ಅವನು ಕಣ್ಣು ಬಿಟ್ಟದ್ದೇ ತಡ, ಡಾಕ್ಟರರು ತಮ್ಮ ಹುಟ್ಟೂರಾದ ಇಲ್ಲಿಗೆ ಓಡಿಬಂದಿದ್ದರು. ಹುಡುಕಿಕೊಂಡು ಬಂದವನಿಗೆ ಅವರ ಮನೆ ಬಾಗಿಲು ತೆರೆಯಲಿಲ್ಲ. ನನ್ನದು ತೆರೆದೇ ಇತ್ತು.

ಚಳಿಗಾಲವಿಡೀ ಕುದುರೆ ಎಳೆಯುವ ಗಿರಣಿಯನ್ನು ಒಬ್ಬನೇ ತಿರುಗಿಸಿದ. ಕುದುರೆ ದಪ್ಪಗಾಯಿತು.

ತೊಂದರೆ ಬಂದದ್ದು ಕಾನೂನಿನಿಂದ. ನಮ್ಮಲ್ಲಿ ಅಪ್ಪನ ಊರೇ ಮನುಷ್ಯನ ಊರು. ಊರಿನ ಪುಸ್ತಕದಲ್ಲಿ ಅಪ್ಪನ ಹೆಸರಿಲ್ಲದವನನ್ನು ಮೇ ತಿಂಗಳ ಸಭೆಯ ಮರುದಿನ ಗಡಿ ದಾಟಿಸುತ್ತಾರೆ. ಅಪ್ಪನೆಂದು ಹೆಸರು ಬರೆಸಿ ಎಂದು ಕೇಳಲು ನಾನು ಡಾಕ್ಟರರ ಮನೆಗೆ ಹೋದೆ. ತಾನು ಮಾಡಿದವನಷ್ಟೇ, ಹೆತ್ತವನಲ್ಲ ಎಂದು ಅವರು ಬಾಗಿಲ ಹಿಂದಿನಿಂದಲೇ ವಾದಿಸಿದರು.

ಸಭೆಯ ದಿನ ಗಂಡಸರು ಸೊಂಟಕ್ಕೆ ಕತ್ತಿ ಕಟ್ಟಿಕೊಂಡು ಬಯಲಿನಲ್ಲಿ ವೃತ್ತವಾಗಿ ನಿಂತರು. ನಾವು ಹೆಂಗಸರು ವೃತ್ತದ ಹೊರಗೆ. ಅಲ್ಲಿಂದ ಸಭೆಯನ್ನು ಉದ್ದೇಶಿಸಿ ಮಾತಾಡುವ ಹಾಗಿಲ್ಲ. ಅವನನ್ನು ನಡುವೆ ನಿಲ್ಲಿಸಿ, ಇವನ ಅಪ್ಪ ಯಾರು ಎಂದು ಅಧ್ಯಕ್ಷರು ಕೇಳಿದರು. ಡಾಕ್ಟರರು ತಮ್ಮ ಬೂಟು ನೋಡಿಕೊಂಡರು.

ಪಕ್ಕದ ಮನೆಯವಳ ಜೊತೆ ಮಾತಾಡಬಾರದೆಂದು ಯಾವ ನಿಯಮವೂ ಇಲ್ಲ. ಸ್ವಲ್ಪ ಗಟ್ಟಿಯಾಗಿ ಮಾತಾಡಿದೆ, ಅಷ್ಟೇ.

"ನೋಡೇ ರೆಗುಲಾ, ನನ್ನ ಬೆರಳು, ಇವನ ಕುತ್ತಿಗೆ, ಎರಡೂ ಒಂದೇ ಕೈ ಹೊಲಿದಿದ್ದು. ಇವನು ಕಣ್ಣು ಬಿಟ್ಟ ತಕ್ಷಣ ಹೊಲಿದ ಮಹಾರಾಯ ಓಡಿಹೋದನಂತೆ."

"ಓಡಿಹೋದ್ನಾ? ಹಾಗಾದ್ರೆ ಅಪ್ಪನೇ ಬಿಡು," ಎಂದಳು ರೆಗುಲಾ. "ನಮ್ಮನೆಯವರೂ ಹಾಗೇ ಮಾಡಿದ್ರು."

ಬಯಲಿಗೆ ಬಯಲೇ ನಕ್ಕಿತು, ರೆಗುಲಾಳ ಗಂಡನೊಬ್ಬನನ್ನು ಬಿಟ್ಟು. ನಗು ಇಳಿದಾಗ ಡಾಕ್ಟರರು ಟೋಪಿ ತೆಗೆದು ನಡುವೆ ಬಂದು ನಿಂತಿದ್ದರು.

"ಅವನು ನನ್ನವನು," ಎಂದರು. "ಎದ್ದು ಕೂತವನೇ ನನ್ನ ನೋಡಿ ನಕ್ಕ. ನಾನು ಹೆದರಿ ಓಡಿದೆ. ಅವನು ಏನೂ ತಪ್ಪು ಮಾಡಿಲ್ಲ."

ಕೈಗಳು ಮೇಲೆದ್ದವು. ಎಣಿಸುವ ಅಗತ್ಯ ಬೀಳಲಿಲ್ಲ. ಗುಮಾಸ್ತ ಪುಸ್ತಕ ಬಿಚ್ಚಿ ಹೆಸರು ಕೇಳಿದ. ಡಾಕ್ಟರರು ಹೆಸರೇ ಇಟ್ಟಿರಲಿಲ್ಲ. ನಿನಗೆ ಯಾವುದು ಇಷ್ಟ ಎಂದು ಅವನನ್ನೇ ಕೇಳಿದರು.

"ಅದನ್ನ ಅಪ್ಪ ಇಡಬೇಕು," ಎಂದ ಅವನು. "ಎರಡು ವರ್ಷ ಕಾದಿದ್ದೀನಿ. ನಿಧಾನವಾಗಿ ಯೋಚನೆ ಮಾಡಿ."

ಡಾಕ್ಟರರು ತಮ್ಮ ತಂದೆಯ ಹೆಸರು ಕೊಟ್ಟರು. ಯೋಸ್ಟ್ ಟ್ರುಂಪಿ.

ಮಧ್ಯಾಹ್ನ ಇಬ್ಬರೂ ನನ್ನಲ್ಲೇ ಉಂಡರು. ಗಿರಣಿ ತಿರುಗಿಸಿ ಯೋಸ್ಟನ ಭುಜದ ಹೊಲಿಗೆ ಸಡಿಲವಾಗಿತ್ತು. ಡಾಕ್ಟರರು ಕನ್ನಡಕ ಏರಿಸಿ, ಕಿಟಕಿಯ ಬಳಿ ಅವನನ್ನು ಕೂರಿಸಿ, ಸೂಜಿಗೆ ದಾರ ಪೋಣಿಸಿದರು.

"ನೋಯ್ತಿದೆಯಾ?"

"ಹ್ಞೂಂ," ಎಂದ ಯೋಸ್ಟ್, ಬಾಯಿ ತುಂಬ ಚೀಸು. "ಆದ್ರೆ ಈ ಸಲ ಕೇಳಿದ್ರಲ್ಲ."